ಮೊಬೈಲ್ ಕೊಟ್ಟ ವಚನ ನಿಜವೋ ಅಲ್ಲವೋ, ನೋಡುವುದು ಹೇಗೆ?

ಅವ್ವನ ಪುಣ್ಯಸ್ಮರಣೆಯ ಕಾರ್ಡಿಗೆ ಬಸವಣ್ಣನವರ ವಚನ ಬೇಕಿತ್ತು. ಮೊಬೈಲಿನಲ್ಲಿ ಎಐಗೆ ಕೇಳಿದೆ. ತಾಯಿಯ ಬಗ್ಗೆ ಚೆಂದದ ನಾಲ್ಕು ಸಾಲು ಕೊಟ್ಟಿತು, ಕೊನೆಗೆ ‘ಕೂಡಲಸಂಗಮದೇವಾ’ ಅಂತಲೂ ಇತ್ತು. ವಿಜಯಪುರದ ನಮ್ಮ ಓಣಿಯ ಅಜ್ಜ ಒಬ್ಬರು ಓದಿ, ‘ಯವ್ವಾ, ಇದು ಅಣ್ಣಾರ ವಚನ ಅಲ್ಲಬೇ’ ಅಂದರು. ಕಾರ್ಡೆಲ್ಲ ಹಂಚಿಯಾಗಿತ್ತು. ಆ ಸಂಕಟ ಇನ್ನೂ ಹೋಗಿಲ್ಲ.

ನೀವು ಹೀಗೆ ಮಾಡಿ. ಅಂಕಿತ, ಅಂದರೆ ವಚನದ ಕೊನೆಗೆ ಬರುವ ದೇವರ ಹೆಸರು, ಅದನ್ನು ನೋಡಿ ನಂಬಬೇಡಿ. ಮುಂದೆ ಯಾವ ಪದ ಬರಬಹುದು ಅಂತ ಲೆಕ್ಕ ಹಾಕಿ ಬರೆಯುವ ಯಂತ್ರ ಈ ಎಐ. ಗುಹೇಶ್ವರ, ಚೆನ್ನಮಲ್ಲಿಕಾರ್ಜುನ ಅಂತ ಸೇರಿಸುವುದು ಅದಕ್ಕೆ ಸುಲಭ. ಮೊದಲ ಸಾಲನ್ನು ಚೀಟಿಯಲ್ಲಿ ಬರೆದುಕೊಂಡು ಲೈಬ್ರರಿಗೆ ಹೋಗಿ. ಸರ್ಕಾರ ತಂದ ಸಮಗ್ರ ವಚನ ಸಂಪುಟ 15 ಸಂಪುಟಗಳಲ್ಲಿದೆ. ಅದರಲ್ಲಿ ಹುಡುಕಿ. ಸಿಕ್ಕರೂ ಪದಪದ ಹೋಲಿಸಿ. ಸಿಗದಿದ್ದರೆ ಶರಣರ ಹೆಸರಲ್ಲಿ ಅಚ್ಚು ಹಾಕಿಸಬೇಡಿ.

ಜಾಸ್ತಿ ಕೆಲಸ ಅನ್ನಿಸುತ್ತೆ, ಅಲ್ವಾ? ನಮ್ಮೂರಲ್ಲೇ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು (1880–1964) ಮನೆಮನೆ ಅಲೆದು ತಾಡೋಲೆ ಕೂಡಿಸಿ ಈ ವಚನಗಳನ್ನು ಅಚ್ಚಿಗೆ ತಂದರು. ನಾವು ಲೈಬ್ರರಿಯ ಮೆಟ್ಟಿಲಾದರೂ ಹತ್ತಬೇಕು.

ಕಠಿಣ ಪದದ ಅರ್ಥಕ್ಕೆ ಎಐ ಕೇಳಿ, ನಿಘಂಟಿನಲ್ಲೂ ನೋಡಿ. ಸಾವಿನ ಮನೆಗೆ ಹೋಗುವಾಗ ಮಾತ್ರ ಅದರಿಂದ ಮಾತು ಬರೆಸಿಕೊಳ್ಳಬೇಡಿ. ಮೊಬೈಲ್ ಚೀಲದೊಳಗಿಟ್ಟು ಸುಮ್ನೆ ಪಕ್ಕದಲ್ಲಿ ಕೂತುಕೊಳ್ಳಿ. ಅವ್ವ ಹೋದ ದಿನ ಪಕ್ಕದ ಮನೆ ಕಾಕು ಒಂದು ಮಾತೂ ಆಡಲಿಲ್ಲ. ಜೋಳದ ನುಚ್ಚಿಗೆ ಮಜ್ಜಿಗೆ ಕಲಸಿ ತಂದು, ತುತ್ತು ಮಾಡಿ ನನ್ನ ಬಾಯಿಗಿಟ್ಟರು.