ಕೂಲೆಂಟ್ ತುಂಬಿದರೆ ಸಾಲದು, ಗಾಳಿ ಹೊರಹಾಕಬೇಕು

"ತಾಪಮಾನದ ಗೇಜಿನ ಮುಳ್ಳು ನಡುವೆಯೇ ಇತ್ತು, ಮೇಲೇರಲೇ ಇಲ್ಲ." ಟೋಯಿಂಗ್ ಲಾರಿಯಿಂದ ಇಳಿಸಿದ ಸ್ಪೋರ್ಟ್ಸ್ ಕಾರಿನ ಪಕ್ಕದಲ್ಲಿ ನಿಂತು ಮಾಲೀಕರು ಇದೇ ಮಾತನ್ನು ಮೂರು ಸಲ ಹೇಳಿದರು. ಅವರು ಹೇಳಿದ್ದು ನಿಜ. ಆದರೆ ಎಂಜಿನ್ನಿನ ಮೇಲ್ಭಾಗವಾದ ಸಿಲಿಂಡರ್ ಹೆಡ್ ಬಿಚ್ಚಿ ಅದರ ಮೇಲೆ ನೇರಪಟ್ಟಿ ಇಟ್ಟಾಗ ಅಡಿಯಿಂದ ಬೆಳಕು ಕಾಣುತ್ತಿತ್ತು, ಹೆಡ್ ಸೊಟ್ಟಗಾಗಿತ್ತು. ಮೂರು ದಿನದ ಹಿಂದಷ್ಟೇ ಬೇರೊಂದು ಗ್ಯಾರೇಜಿನಲ್ಲಿ ಕೂಲೆಂಟ್, ಅಂದರೆ ಎಂಜಿನನ್ನು ತಣ್ಣಗಿಡುವ ದ್ರವ, ಬದಲಿಸಿದ್ದರಂತೆ. ಹಾಕಿದ್ದು ಒಳ್ಳೆಯ ಕೂಲೆಂಟೇ. ಕೂಲೆಂಟ್ ಟ್ಯಾಂಕಿನ ಬಾಯಿಗೆ ಸುರಿದು, ಗೆರೆ ಮುಟ್ಟಿದ ಕೂಡಲೇ ಮುಚ್ಚಳ ಬಿಗಿದು ಕಳಿಸಿಬಿಟ್ಟಿದ್ದರು. ಒಳಗೇ ಉಳಿದ ಗಾಳಿ ಎಂಜಿನನ್ನು ತಿಂದುಹಾಕಿತ್ತು.

ತಂಪು ಹವೆಯಲ್ಲಿ ಈ ತಪ್ಪು ತಿಂಗಳುಗಟ್ಟಲೆ ಗೊತ್ತಾಗದೇ ಇರಬಹುದು. ಹೊರಗೆ 42 ಡಿಗ್ರಿ ಇರುವ ಮಧ್ಯಾಹ್ನ, ಎ.ಸಿ. ಹಾಕಿಕೊಂಡು ಟ್ರಾಫಿಕ್ಕಿನಲ್ಲಿ ಇಪ್ಪತ್ತು ನಿಮಿಷ ನಿಂತರೆ ಸಾಕು, ಬಯಲಾಗುತ್ತದೆ. ಹಾಗಾಗಿ ಈ ಲೇಖನದ ಒತ್ತು ಗಾಳಿ ತೆಗೆಯುವುದರ ಮೇಲೆಯೇ ಇದೆ.

ಸಾಮಾನ್ಯ ಕಾರಿನಲ್ಲಿ ಎಂಜಿನ್ ಮತ್ತು ರೇಡಿಯೇಟರ್ ಒಂದೇ ಬಾನೆಟ್ಟಿನಡಿ ಅಕ್ಕಪಕ್ಕ ಇರುತ್ತವೆ. ಐದಾರು ಲೀಟರ್ ಕೂಲೆಂಟ್ ಸಾಕು. ಎಂಜಿನ್ ಹಿಂದೆ ಅಥವಾ ನಡುವೆ ಇರುವ ಸ್ಪೋರ್ಟ್ಸ್ ಕಾರಿನ ಕಥೆಯೇ ಬೇರೆ. ಪೋರ್ಶೆ 911 ನೋಡಿ. 993 ಎಂಬ ಸಂಕೇತದ ಪೀಳಿಗೆಯವರೆಗೆ ಅದರ ಎಂಜಿನ್ ಗಾಳಿಯಿಂದಲೇ ತಣ್ಣಗಾಗುತ್ತಿತ್ತು. ಮುಂದಿನ ಪೀಳಿಗೆಯಾದ 996ರಿಂದ ಕೂಲೆಂಟ್ ಬಂತು. ಎಂಜಿನ್ ಕಾರಿನ ಹಿಂತುದಿಯಲ್ಲಿ, ರೇಡಿಯೇಟರುಗಳು ಮುಂದಿನ ಚಕ್ರಗಳ ಎದುರಿಗೆ ಎರಡೂ ಬದಿಯಲ್ಲಿ. ನಡುವೆ ಕಾರಿನ ಉದ್ದಕ್ಕೂ ಪೈಪು. ಒಟ್ಟು 20 ಲೀಟರಿಗೂ ಹೆಚ್ಚು ದ್ರವ. ಅಷ್ಟುದ್ದದ ದಾರಿಯಲ್ಲಿ ಏರು, ಇಳಿ, ತಿರುವು ಎಷ್ಟೋ. ಪ್ರತಿ ಏರಿನ ನೆತ್ತಿಯಲ್ಲೂ ಒಂದು ಗಾಳಿಗುಳ್ಳೆ ಕೂರಬಹುದು. ಪಂಪಿನೊಳಗೆ ಗಾಳಿ ಸಿಕ್ಕಿಕೊಂಡರೆ ಅದರ ರೆಕ್ಕೆಗಳು ಸುಮ್ಮನೆ ತಿರುಗುತ್ತವೆ, ದ್ರವ ಮುಂದೆ ಸಾಗುವುದಿಲ್ಲ. ಸೆನ್ಸರ್ ಗಾಳಿಯಲ್ಲಿ ನಿಂತರೆ ಸರಿಯಾದ ಬಿಸಿ ಅದಕ್ಕೆ ಮುಟ್ಟುವುದೇ ಇಲ್ಲ. ಸಾಲದ್ದಕ್ಕೆ, ಎಷ್ಟೋ ತಯಾರಕರು ಚಾಲಕ ಗಾಬರಿಯಾಗದಿರಲಿ ಎಂದು, ತಾಪ ಹತ್ತಿಪ್ಪತ್ತು ಡಿಗ್ರಿ ಆಚೀಚೆಯಾದರೂ ಮುಳ್ಳು ನಡುವೆಯೇ ನಿಲ್ಲುವಂತೆ ಮಾಡಿರುತ್ತಾರೆ. ಆ ಮುಳ್ಳನ್ನು ನಂಬಬೇಡಿ.

ಯಾವ ದ್ರವ, ಎಷ್ಟು ನೀರು

"ಬಿಸಿ ಪ್ರದೇಶದಲ್ಲಿ ಹೆಪ್ಪುಗಟ್ಟುವ ಭಯವಿಲ್ಲ, ನೀರೇ ಸಾಕು" ಎನ್ನುವವರು ಬಹಳ. ಸಾಲದು. ನೀರು 100 ಡಿಗ್ರಿಗೆ ಕುದಿಯುತ್ತದೆ. ಕೂಲೆಂಟಿನ ಮುಖ್ಯ ದ್ರವವಾದ ಎಥಿಲೀನ್ ಗ್ಲೈಕಾಲ್ ಮತ್ತು ನೀರಿನ ಸಮಪಾಲಿನ ಮಿಶ್ರಣ 107ರ ಹತ್ತಿರ ಕುದಿಯುತ್ತದೆ. 1 ಬಾರ್ ಒತ್ತಡ ಹಿಡಿಯುವ ಮುಚ್ಚಳವಿದ್ದರೆ ಸುಮಾರು 130ರವರೆಗೂ ತಡೆದುಕೊಳ್ಳುತ್ತದೆ. ಅಲ್ಯೂಮಿನಿಯಂ ಸವೆಯದಂತೆ ಕಾಯುವ ರಾಸಾಯನಿಕಗಳೂ ಕೂಲೆಂಟಿನಲ್ಲೇ ಇರುತ್ತವೆ, ನಲ್ಲಿ ನೀರಿನಲ್ಲಲ್ಲ. ನಲ್ಲಿ ನೀರಿನ ಕ್ಯಾಲ್ಸಿಯಂ ರೇಡಿಯೇಟರಿನ ಸಣ್ಣ ನಾಳಗಳಲ್ಲಿ ಬಿಳಿ ಕಿಟ್ಟವಾಗಿ ಕೂರುತ್ತದೆ. ಬೆರೆಸುವುದಾದರೆ ಡಿಸ್ಟಿಲ್ಡ್ ವಾಟರ್ ಮಾತ್ರ.

ಕೂಲೆಂಟ್ ಗಟ್ಟಿಯಾದಷ್ಟೂ ಒಳ್ಳೆಯದು ಎಂಬುದೂ ತಪ್ಪು. ಬರೀ ಗ್ಲೈಕಾಲ್ ಹೊತ್ತೊಯ್ಯುವ ಬಿಸಿ, ಅಷ್ಟೇ ತೂಕದ ನೀರು ಹೊತ್ತೊಯ್ಯುವುದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ಸಮಪಾಲು ಇರಲಿ. ಅಳೆಯಲು ರಿಫ್ರ್ಯಾಕ್ಟೋಮೀಟರ್ ಇಟ್ಟುಕೊಳ್ಳಿ. ಗುಂಡುಗಳು ತೇಲುವ ಅಗ್ಗದ ಟೆಸ್ಟರುಗಳು ದ್ರವ ಬೆಚ್ಚಗಿದ್ದರೆ ಒಂದು ಹೇಳುತ್ತವೆ, ತಣ್ಣಗಿದ್ದರೆ ಇನ್ನೊಂದು. ಬಣ್ಣ ನೋಡಿ ಕೂಲೆಂಟ್ ಕೊಳ್ಳಲೇಬೇಡಿ. ಗುಲಾಬಿ, ಹಸಿರು, ನೀಲಿ ಎಲ್ಲವೂ ಕಂಪನಿಗಳು ಹಾಕಿದ ಬಣ್ಣ, ಅದಕ್ಕೊಂದು ಜಾಗತಿಕ ನಿಯಮವಿಲ್ಲ. ಕಾರಿನ ಕೈಪಿಡಿಯಲ್ಲಿರುವ ದರ್ಜೆ ಡಬ್ಬದ ಮೇಲಿದೆಯೇ ನೋಡಿ. ಹೊಂದದ ಎರಡು ಬಗೆ ಬೆರೆತರೆ ಒಳಗೆ ಗಂಜಿಯಂತೆ ಗಟ್ಟಿಯಾಗುವುದುಂಟು.

ಖಾಲಿ ಮಾಡುವ ಮುಂಚೆ

ಎಂಜಿನ್ ಪೂರ್ತಿ ತಣ್ಣಗಾಗಲಿ, ರಾತ್ರಿಯೆಲ್ಲ ನಿಂತಿದ್ದರೆ ಒಳ್ಳೆಯದು. ಬಿಸಿಯಿದ್ದಾಗ ಮುಚ್ಚಳ ತೆರೆದರೆ ಒತ್ತಡ ಒಮ್ಮೆಲೇ ಇಳಿದು ದ್ರವ ಕುದಿದು ಮುಖಕ್ಕೇ ಚಿಮ್ಮುತ್ತದೆ.

ಬಿಸಿ, ದೂಳಿನ ಊರುಗಳಲ್ಲಿ ನಾನು ಮೊದಲು ಮಾಡುವ ಕೆಲಸ ಮುಂದಿನ ಬಂಪರ್ ಬಿಚ್ಚುವುದು. ಬಂಪರಿನ ಬಾಯಿಯೊಳಗೆ ಎ.ಸಿ. ಕಂಡೆನ್ಸರ್, ಅದರ ಹಿಂದೆ ರೇಡಿಯೇಟರ್. ಇವೆರಡರ ನಡುವಿನ ಬೆರಳಗಲದ ಸಂದಿಯಲ್ಲಿ ಒಣ ಎಲೆ, ಹುಳ, ಪ್ಲಾಸ್ಟಿಕ್ ಚೂರು, ದೂಳು ಎಲ್ಲ ಸೇರಿ ಕಂಬಳಿಯ ಹಾಗೆ ಕೂತಿರುತ್ತದೆ. ಹೊರಗಿನಿಂದ ನೋಡಿದರೆ ಜಾಲರಿ ಥಳಥಳ ಹೊಳೆಯುತ್ತಿರುತ್ತದೆ, ಒಳಗೆ ಗಾಳಿಗೆ ದಾರಿಯೇ ಇಲ್ಲ. ಕಂಡೆನ್ಸರಿನ ಬೋಲ್ಟು ಸಡಿಲಿಸಿ, ಎ.ಸಿ. ಪೈಪು ಬಿಚ್ಚದೆ ಸ್ವಲ್ಪ ಮುಂದಕ್ಕೆ ಸರಿಸಿ, ಕಸವನ್ನು ಕೈಯಿಂದಲೇ ತೆಗೆಯಿರಿ. ಆಮೇಲೆ ಹಿಂದಿನಿಂದ ಮುಂದಕ್ಕೆ ಹದವಾಗಿ ನೀರು ಬಿಡಿ. ಪ್ರೆಷರ್ ವಾಷರ್ ಹತ್ತಿರವೂ ತರಬೇಡಿ. ತೆಳು ರೆಕ್ಕೆಗಳು ಒಂದೇ ಏಟಿಗೆ ಮಲಗಿಬಿಡುತ್ತವೆ. ಎಷ್ಟೋ ಕಾರುಗಳ "ಬಿಸಿಯಾಗುವ ರೋಗ" ಇಲ್ಲೇ ವಾಸಿಯಾಗುತ್ತದೆ.

ಕೈಪಿಡಿ ತೋರಿಸಿದ ಜಾಗಕ್ಕೇ ರಬ್ಬರ್ ಮೆತ್ತೆ ಕೊಟ್ಟು ಕಾರೆತ್ತಿ, ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಅಡಿಯ ಹೊದಿಕೆ ಬಿಚ್ಚಿ, ಡ್ರೈನ್ ಬೋಲ್ಟುಗಳನ್ನು ಬಿಚ್ಚಿ. ಬೋಲ್ಟು ಕೂರುವುದು ಅಲ್ಯೂಮಿನಿಯಮ್ಮಿನಲ್ಲಿ. ವಾಪಸ್ಸು ಹಾಕುವಾಗ ಹೊಸ ವಾಷರ್, ಟಾರ್ಕ್ ವ್ರೆಂಚ್ ಎರಡೂ ಬೇಕು. ಇಳಿದ ದ್ರವವನ್ನು ಅಳತೆ ಗುರುತಿರುವ ಪಾತ್ರೆಯಲ್ಲೇ ಹಿಡಿಯಿರಿ, ಎಷ್ಟು ಲೀಟರ್ ಬಂತೆಂದು ಬರೆದಿಡಿ. ಈ ಸಂಖ್ಯೆ ಮುಂದೆ ನಿಮ್ಮ ಕಾರನ್ನು ಉಳಿಸುತ್ತದೆ. ಪಾತ್ರೆಯನ್ನು ಮುಚ್ಚಿಡಿ. ಗ್ಲೈಕಾಲ್ ಸಿಹಿಯಾಗಿರುತ್ತದೆ, ನಾಯಿ ಬೆಕ್ಕುಗಳು ನೆಕ್ಕಿ ಸಾಯುತ್ತವೆ.

ಖಾಲಿಯಾಗಿರುವಾಗಲೇ ಮಾಡಿ ಮುಗಿಸಬೇಕಾದವು ಕೆಲವಿವೆ. ಟ್ಯಾಂಕಿನ ಮುಚ್ಚಳ ಬದಲಿಸಿ. ಅದರ ರಬ್ಬರ್ ಸತ್ತರೆ ಒತ್ತಡ ನಿಲ್ಲದು. ಟ್ಯಾಂಕ್ ಹಳದಿಗಟ್ಟಿ ಅಂಚಿನಲ್ಲಿ ಕೂದಲೆಳೆಯ ಬಿರುಕು ಕಂಡರೆ ಅದನ್ನೂ ಬದಲಿಸಿ. ಹೋಸ್ ಪೈಪುಗಳನ್ನು ಕ್ಲಾಂಪಿನ ಹತ್ತಿರ ಹಿಸುಕಿ ನೋಡಿ. ಬೂದುಗುಂಬಳದಂತೆ ಗಟ್ಟಿಯಾಗಿದ್ದರೂ ಬೇಡ, ಬೆಂದ ಬದನೆಯಂತೆ ಮೆತ್ತಗಿದ್ದರೂ ಬೇಡ. ಪೋರ್ಶೆ 911ರ 996 ಮತ್ತು 997 ಸರಣಿಯ ಟರ್ಬೊ, ಜಿಟಿ3 ಕಾರುಗಳಲ್ಲಿ ಕೆಲವು ಕೂಲೆಂಟ್ ಕೊಳವೆಗಳನ್ನು ಲೋಹದೊಳಗೆ ಅಂಟಿನಿಂದ ಕೂರಿಸಿದ್ದಾರೆ. ವರ್ಷಗಟ್ಟಲೆ ಬಿಸಿಯುಂಡು ಅಂಟು ಬಿಟ್ಟರೆ ಅಷ್ಟೂ ಕೂಲೆಂಟ್ ಹಿಂದಿನ ಟಯರಿನ ಮುಂದೆ ಸುರಿಯುತ್ತದೆ. ಮತ್ತೆ ಅಂಟು ಹಚ್ಚುವುದು ಪರಿಹಾರವಲ್ಲ. ವೆಲ್ಡಿಂಗ್ ಮಾಡಿಸಿ ಅಥವಾ ಪಿನ್ ಹಾಕಿಸಿ.

ಬಿಸಿ ನೋಡಿ ಕೂಲೆಂಟಿನ ದಾರಿ ತೆರೆಯುವ ವಾಲ್ವಾದ ಥರ್ಮೋಸ್ಟಾಟ್ ಬಗ್ಗೆ ಒಂದು ಮಾತು. "ಬಿಸಿಲೂರಲ್ಲಿ ಇದು ಯಾಕೆ ಬೇಕು" ಎಂದು ಕಿತ್ತೆಸೆಯುವ ಮೆಕ್ಯಾನಿಕ್‌ಗಳನ್ನು ಕಂಡಿದ್ದೇನೆ. ಬಹಳಷ್ಟು ಎಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ರೇಡಿಯೇಟರಿನ ದಾರಿ ತೆರೆಯುವುದರ ಜೊತೆಗೆ ಅಡ್ಡದಾರಿಯನ್ನು ಮುಚ್ಚುತ್ತದೆ ಕೂಡ. ಅದನ್ನು ಕಿತ್ತರೆ ಅಡ್ಡದಾರಿ ಸದಾ ತೆರೆದೇ ಇರುತ್ತದೆ. ಬಿಸಿ ದ್ರವದ ಒಂದು ಪಾಲು ರೇಡಿಯೇಟರಿಗೆ ಹೋಗದೆ ಎಂಜಿನ್ನಿಗೇ ಮರಳುತ್ತದೆ. ಹೊಸದನ್ನು ಹಾಕಿ. ಹಾಗೆಯೇ ಸೋರಿಕೆ ನಿಲ್ಲಿಸುವ ಪುಡಿ, ಎಣ್ಣೆ ಯಾವುದನ್ನೂ ಈ ಕಾರುಗಳಿಗೆ ಹಾಕಬೇಡಿ. ಅದು ತೂತನ್ನೂ ಮುಚ್ಚುತ್ತದೆ, ಕಾರಿನ ಒಳಗನ್ನು ಬೆಚ್ಚಗೆ ಮಾಡುವ ಹೀಟರ್ ಕೋರಿನ ನಾಳಗಳನ್ನೂ ಮುಚ್ಚುತ್ತದೆ.

ಗಾಳಿ ಹೀರಿ ತುಂಬುವುದು

ಇದಕ್ಕೆ ಬೇಕಾದದ್ದು ವ್ಯಾಕ್ಯೂಮ್ ಫಿಲ್ಲರ್ ಮತ್ತು ಏರ್ ಕಂಪ್ರೆಸರ್. ಕಂಪ್ರೆಸರಿನ ಗಾಳಿಯ ರಭಸದಿಂದ ಫಿಲ್ಲರ್ ಒಳಗಿನ ಗಾಳಿಯನ್ನು ಹೀರುತ್ತದೆ, ಆ ಖಾಲಿ ಜಾಗಕ್ಕೆ ಕೂಲೆಂಟ್ ತಾನಾಗಿ ನುಗ್ಗುತ್ತದೆ. ಟ್ಯಾಂಕಿಗೆ ಸುರಿದು, ಎಂಜಿನ್ ರೇಸ್ ಮಾಡಿ, ಗುಳ್ಳೆ ಬರುವುದನ್ನು ಕಾಯುವ ಹಳೆಯ ಪದ್ಧತಿ ಮುಂದಿನ ಎಂಜಿನ್ನಿನ ಕಾರಿಗೆ ನಡೆದೀತು. ರೇಡಿಯೇಟರ್ ಒಂದು ತುದಿ, ಎಂಜಿನ್ ಇನ್ನೊಂದು ತುದಿ ಇರುವ ಕಾರಿಗೆ ಅದು ಬೇಡವೇ ಬೇಡ. ಉಪಕರಣ ಇಲ್ಲದಿದ್ದರೆ ಬಾಡಿಗೆಗೆ ತನ್ನಿ, ಇಲ್ಲವೇ ಇರುವವರ ಹತ್ತಿರ ಕಾರು ಬಿಡಿ.

ಮೊದಲು ಹೀಟರ್ ವಾಲ್ವ್. ಅದು ಮುಚ್ಚಿದ್ದರೆ ಆ ಭಾಗದ ಗಾಳಿ ಹೊರಬರುವುದೇ ಇಲ್ಲ. ಇಗ್ನಿಷನ್ ಆನ್ ಮಾಡಿ ತಾಪಮಾನವನ್ನು ಪೂರ್ತಿ ಬಿಸಿಗೆ ತಿರುಗಿಸಿ. ಕೆಲವು ಕಾರುಗಳಲ್ಲಿ ಕಾರಿನ ಕಂಪ್ಯೂಟರಿಗೆ ಸ್ಕ್ಯಾನರ್ ಹಚ್ಚಿ ವಾಲ್ವುಗಳನ್ನು ತೆರೆಯಬೇಕಾಗುತ್ತದೆ, ಕೈಪಿಡಿ ನೋಡಿ.

ಬೇಕಾದದ್ದಕ್ಕಿಂತ ಮೂರು ನಾಲ್ಕು ಲೀಟರ್ ಹೆಚ್ಚೇ ಮಿಶ್ರಣವನ್ನು ಒಂದೇ ದೊಡ್ಡ ಬಕೆಟ್ಟಿನಲ್ಲಿ ಸಿದ್ಧಮಾಡಿ, ಟ್ಯಾಂಕಿನ ಎತ್ತರಕ್ಕೆ ಸ್ಟೂಲಿನ ಮೇಲಿಡಿ. ಎರಡು ಬಕೆಟ್ ಇಟ್ಟು ನಡುವೆ ಕೊಳವೆ ಬದಲಿಸುತ್ತೇನೆಂದರೆ ಆ ಎರಡು ಸೆಕೆಂಡಿನಲ್ಲಿ ಗಾಳಿ ಒಳಗೆ ಹೋಗುತ್ತದೆ.

ಅಡಾಪ್ಟರನ್ನು ಟ್ಯಾಂಕಿನ ಬಾಯಿಗೆ ಬಿಗಿದು ಕಂಪ್ರೆಸರ್ ಗಾಳಿ ಬಿಡಿ. ಕಿವಿಗೆ ಇರಿಯುವ ಸಿಳ್ಳೆ ಶುರುವಾಗುತ್ತದೆ. ಫಿಲ್ಲರಿನ ಗೇಜಿನ ಮುಳ್ಳು ವಾತಾವರಣದ ಒತ್ತಡಕ್ಕಿಂತ 0.8ರಿಂದ 0.9 ಬಾರ್ ಕೆಳಗೆ ಇಳಿಯಬೇಕು. ಹೆಬ್ಬೆರಳಿಗಿಂತ ದಪ್ಪದ ಹೋಸ್ ಪೈಪುಗಳು ಕಣ್ಣೆದುರೇ ಚಪ್ಪಟೆಯಾಗಿ ಒಣಗಿದ ಹೀರೇಕಾಯಿಯ ಹಾಗೆ ಸುರುಟಿಕೊಳ್ಳುತ್ತವೆ. ಮೊದಲ ಸಲ ನೋಡುವವರು ಹೆದರಿ ವಾಲ್ವ್ ಬಿಟ್ಟುಬಿಡುತ್ತಾರೆ. ಬಿಡಬೇಡಿ, ಅದು ಹಾಗೆಯೇ ಆಗಬೇಕು.

ಈಗ ವಾಲ್ವ್ ಮುಚ್ಚಿ, ಕಂಪ್ರೆಸರ್ ನಿಲ್ಲಿಸಿ, ಹತ್ತು ನಿಮಿಷ ಮುಳ್ಳನ್ನೇ ನೋಡುತ್ತ ಕೂರಿ. ಅದು ಕದಲಬಾರದು. ಕೂದಲೆಳೆಯಷ್ಟು ಸರಿದರೂ ಎಲ್ಲೋ ಗಾಳಿ ನುಸುಳುತ್ತಿದೆ ಎಂದೇ ಅರ್ಥ; ಮೊದಲು ಅಡಾಪ್ಟರಿನ ರಬ್ಬರ್, ಆಮೇಲೆ ಡ್ರೈನ್ ಬೋಲ್ಟು, ಆಮೇಲೆ ಕ್ಲಾಂಪು ಒಂದೊಂದಾಗಿ ನೋಡಿ. ಹುಡುಕದೆ ಮುಂದೆ ಹೋಗಬೇಡಿ.

ಇನ್ನು ಹೆಚ್ಚಿನವರು ಎಡವುವ ಜಾಗ. ಬಕೆಟ್ಟಿನಿಂದ ಬರುವ ಹೀರುಕೊಳವೆಯೊಳಗೂ ಗಾಳಿಯಿದೆ. ಹಾಗೇ ವಾಲ್ವ್ ತೆರೆದರೆ ಮೊದಲು ಒಳಹೋಗುವುದು ಅದೇ. ಆದ್ದರಿಂದ ಕೊಳವೆಯನ್ನು ಕೂಲೆಂಟಿನಿಂದ ತುಂಬಿಸಿಕೊಂಡ ಮೇಲೆಯೇ ಫಿಲ್ಲರಿಗೆ ಜೋಡಿಸಿ. ಇನ್ನೊಂದು ತುದಿ ಬಕೆಟ್ಟಿನ ತಳ ಮುಟ್ಟಿರಲಿ. ಯಾರಾದರೂ ಅದನ್ನು ಕೈಯಲ್ಲಿ ಹಿಡಿದೇ ನಿಲ್ಲಲಿ. ವಾಲ್ವನ್ನು ನಿಧಾನ ತೆರೆಯಿರಿ. ಬಕೆಟ್ಟಿನ ಮಟ್ಟ ಇಳಿಯುತ್ತ ಹೋದ ಹಾಗೆ ಚಪ್ಪಟೆ ಪೈಪುಗಳು ಒಂದೊಂದಾಗಿ ಉಸಿರು ಬಂದಂತೆ ದುಂಡಗಾಗುತ್ತವೆ. ಮುಳ್ಳು ಸೊನ್ನೆಗೆ ಬಂದಾಗ ತುಂಬಿತು.

ಆಗ ಬರೆದಿಟ್ಟ ಸಂಖ್ಯೆ ತೆಗೆಯಿರಿ. ಇಳಿದದ್ದು 19 ಲೀಟರ್, ಒಳಹೋದದ್ದು 16 ಲೀಟರ್ ಎಂದಾದರೆ ಮೂರು ಲೀಟರ್ ಜಾಗದಲ್ಲಿ ಗಾಳಿ ಕೂತಿದೆ. ಮತ್ತೆ ವ್ಯಾಕ್ಯೂಮ್ ಎಳೆಯಿರಿ. "ಓಡಿಸಿದರೆ ತಾನಾಗಿ ಹೋಗುತ್ತದೆ" ಎಂದು ಯಾರೇ ಹೇಳಿದರೂ ಕೇಳಬೇಡಿ.

ಬಿಸಿ ಮಾಡಿ ನೋಡುವುದು

ಮುಚ್ಚಳ ಹಾಕಿ, ಎ.ಸಿ. ಆಫ್ ಇಟ್ಟು, ಹೀಟರ್ ಪೂರ್ತಿ ಬಿಸಿಗಿಟ್ಟು ಎಂಜಿನ್ ಚಾಲೂ ಮಾಡಿ. ಒಂದಷ್ಟು ಹೊತ್ತು ಐಡಲ್, ಆಮೇಲೆ 2,000ದಿಂದ 2,500 ಆರ್‌ಪಿಎಂ. ಕಾರಿನ ಕಂಪ್ಯೂಟರಿನ ಅಂಕಿ ಓದುವ ಓಬಿಡಿ ಸ್ಕ್ಯಾನರ್ ಹಚ್ಚಿ ನಿಜವಾದ ತಾಪಮಾನವನ್ನು ಅಂಕಿಯಲ್ಲೇ ನೋಡಿ. ಥರ್ಮೋಸ್ಟಾಟ್ ತೆರೆದ ಮೇಲೆ ಮುಂದೆ ಹೋಗಿ ಎರಡೂ ರೇಡಿಯೇಟರಿನ ಒಳಬರುವ ಪೈಪುಗಳಿಗೆ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿಯಿರಿ. ಎಡಗಡೆ ಕೈ ಇಡಲಾರದಷ್ಟು ಬಿಸಿ, ಬಲಗಡೆ ತಣ್ಣಗೆ ಎಂದಾದರೆ ಬಲ ರೇಡಿಯೇಟರಿನಲ್ಲಿ ಗಾಳಿ ಸಿಕ್ಕಿಕೊಂಡಿದೆ. ಹೀಟರ್ ಗಾಳಿ ಒಮ್ಮೆ ಬಿಸಿ ಒಮ್ಮೆ ತಂಪು ಬಂದರೂ ಅದೇ ಕಾರಣ. ಎಂಜಿನ್ ನಿಲ್ಲಿಸಿ, ಪೂರ್ತಿ ತಣ್ಣಗಾಗಲು ಬಿಟ್ಟು, ಮೊದಲಿನಿಂದ ಶುರುಮಾಡಿ. ತಾಪ 100ರ ಆಸುಪಾಸಿಗೆ ಏರಿ, ಫ್ಯಾನ್ ತಿರುಗಿದಾಗ ಇಳಿದರೆ ಸರಿ. ಫ್ಯಾನ್ ತಿರುಗುತ್ತಿದ್ದರೂ ಏರುತ್ತಲೇ ಹೋದರೆ ತಕ್ಷಣ ಆಫ್ ಮಾಡಿ. ಬಿಸಿ ಎಂಜಿನ್ನಿಗೆ ತಣ್ಣೀರು ಸುರಿಯಲೇಬೇಡಿ, ಹೆಡ್ ಬಿರಿಯಬಹುದು.

ಅಡಿಯ ಹೊದಿಕೆಯನ್ನು ಒಂದು ಸ್ಕ್ರೂ ಬಿಡದೆ ಮತ್ತೆ ಹಾಕಿ. ಎಷ್ಟೋ ಗ್ಯಾರೇಜುಗಳು ಇದನ್ನು ಮೂಲೆಗೆಸೆದು ಕಾರು ಕಳಿಸುತ್ತವೆ. ರೇಡಿಯೇಟರಿನ ಮೂಲಕ ಹಾದ ಗಾಳಿ ಎತ್ತ ಹೋಗಬೇಕೆಂದು ನಿರ್ಧರಿಸುವುದರಲ್ಲಿ ಆ ಹೊದಿಕೆಯ ಪಾಲೂ ಇದೆ.

ಕಾರು ಮೇಲಿರುವಾಗಲೇ ಬ್ರೇಕ್ ದ್ರವವನ್ನೂ ಬದಲಿಸಿಬಿಡಿ. ಡಾಟ್ 4 ದರ್ಜೆಯ ಬ್ರೇಕ್ ದ್ರವ ಹೊಸದಿದ್ದಾಗ ಕನಿಷ್ಠ 230 ಡಿಗ್ರಿಯವರೆಗೆ ಕುದಿಯುವುದಿಲ್ಲ. ಗಾಳಿಯ ತೇವ ಹೀರಿ ಶೇ 3.7ರಷ್ಟು ನೀರು ಸೇರಿದರೆ ಆ ಮಿತಿ 155ಕ್ಕೆ ಇಳಿಯುತ್ತದೆ. ಚಕ್ರ ಬಿಚ್ಚುವುದಾದರೆ ಕಾರ್ಬನ್ ಸೆರಾಮಿಕ್ ಡಿಸ್ಕಿನ ಅಂಚಿಗೆ ರಿಮ್ ತಾಗದಂತೆ ಇಬ್ಬರು ಹಿಡಿದು ಇಳಿಸಿ; ಒಂದು ಸಣ್ಣ ಚಕ್ಕೆ ಎದ್ದರೂ ಇಡೀ ಡಿಸ್ಕ್ ಬದಲಿಸಬೇಕಾಗಬಹುದು.

ಮರುದಿನ ಬೆಳಿಗ್ಗೆ ಎಂಜಿನ್ ಚಾಲೂ ಮಾಡುವ ಮೊದಲೇ ಟ್ಯಾಂಕಿನ ಮಟ್ಟ ನೋಡಿ. ಅರ್ಧ ಬೆರಳು ಇಳಿದಿದ್ದರೆ ಬಕೆಟ್ಟಿನಲ್ಲಿ ಉಳಿದ ಅದೇ ಮಿಶ್ರಣ ಹಾಕಿ. ಕೈಪಂಪಿನ ಪ್ರೆಷರ್ ಟೆಸ್ಟರ್ ಹಚ್ಚಿ, ಮುಚ್ಚಳದ ಮೇಲೆ ಬರೆದಷ್ಟು ಒತ್ತಡ ಕೊಟ್ಟು ಹದಿನೈದು ನಿಮಿಷ ಬಿಡಿ. ವ್ಯಾಕ್ಯೂಮಿನಲ್ಲಿ ಒಳಕ್ಕೆ ಅಂಟಿಕೊಂಡು ಸುಮ್ಮನಿದ್ದ ಪೈಪು ಒತ್ತಡದಲ್ಲಿ ಸೋರಬಹುದು. ಮೂರನೆಯ ದಿನವೂ ಮಟ್ಟ ಇಳಿದರೆ ಅದು ಉಳಿದ ಗಾಳಿಯಲ್ಲ, ಸೋರಿಕೆ. ಹೊರಗೆ ಎಲ್ಲೂ ಒದ್ದೆ ಕಾಣದಿದ್ದರೆ ನೀಲಿ ದ್ರವದ ಟೆಸ್ಟರನ್ನು ಟ್ಯಾಂಕಿನ ಬಾಯಿಗೆ ಹಿಡಿಯಿರಿ. ಅದು ಹಳದಿಗೆ ತಿರುಗಿದರೆ ಎಂಜಿನ್ನಿನೊಳಗೆ ಉರಿದ ಅನಿಲ ಕೂಲೆಂಟಿಗೆ ಸೇರುತ್ತಿದೆ, ಹೆಡ್ ಗ್ಯಾಸ್ಕೆಟ್ ಬಿಚ್ಚಲೇಬೇಕು. ಎಲ್ಲ ಸರಿಯಿದ್ದರೆ ಕೂಲೆಂಟಿನ ದರ್ಜೆ, ತುಂಬಿದ ಲೀಟರ್, ದಿನಾಂಕ ಮೂರನ್ನೂ ಒಂದು ಚೀಟಿಯಲ್ಲಿ ಬರೆದು ಎಂಜಿನ್ ಮುಚ್ಚಳದ ಒಳಬದಿಗೆ ಅಂಟಿಸಿ. ಮುಂದಿನ ಸಲ ಅದನ್ನು ತೆರೆಯುವ ಮೆಕ್ಯಾನಿಕ್ ಯಾರೇ ಆಗಿರಲಿ, ಮೊದಲು ಅದನ್ನೇ ಓದಲಿ.