ಪೋಕೆಮಾನ್ ಕಾರ್ಡು: ಹಣ ಕಳುಹಿಸುವ ಮುನ್ನ ಬೆನ್ನು ನೋಡಿ

ಕಳೆದ ತಿಂಗಳು ಮಂಗಳೂರಿನ ಬಿಜೈಯಲ್ಲಿರುವ ಅಕ್ಕನ ಮನೆಗೆ ಹೋಗಿದ್ದಾಗ ಅವಳ ಮಗ ಪಾರ್ಸೆಲ್ ಬಿಚ್ಚಿ, ‘ಮಾಮ, ಇದು ಅಸಲಿ ತಾನೇ?’ ಎನ್ನುತ್ತ ಪೋಕೆಮಾನ್ ಆಟದ ಚಾರಿಜಾರ್ಡ್ ಎಂಬ ಜೀವಿಯ ಕಾರ್ಡನ್ನು ನನ್ನ ಕೈಗಿಟ್ಟ. ಬಿಸು ಹಬ್ಬಕ್ಕೆ ಹಿರಿಯರು ಕೊಟ್ಟ ಹಣ ಕೂಡಿಟ್ಟು, 1,800 ರೂಪಾಯಿ ತೆತ್ತು ತರಿಸಿದ್ದ. ಮುಂಬದಿ ಝಗಮಗಿಸುತ್ತಿತ್ತು. ಮಗುಚಿ ನೋಡಿದರೆ ಹಿಂಬದಿಯ ನೀಲಿ ನೇರಳೆಗೆ ತಿರುಗಿತ್ತು, ನಡುವಿನ ಚೆಂಡಿನ ಅಂಚು ಕಲಸಿಹೋಗಿತ್ತು. ಅವನ ಮುಖ ನೋಡಿ ನಿಜ ಹೇಳಲು ನನಗೆ ಬಾಯಿ ಬರಲಿಲ್ಲ. ಅದೇ ಕಟ್ಟಡದ ಇನ್ನಿಬ್ಬರು ಮಕ್ಕಳೂ ಹೀಗೆಯೇ ಮೋಸಹೋಗಿದ್ದಾರೆ. ಮೂವರೂ ಮುಂಬದಿಯ ಒಂದೇ ಒಂದು ಚಿತ್ರ ನೋಡಿ ಹಣ ಕಳುಹಿಸಿದ್ದರು.

ಮೊದಲ ಕೆಲಸ, ಒಂದು ಅಗ್ಗದ ಅಸಲಿ ಕಾರ್ಡನ್ನು ಮನೆಯಲ್ಲಿ ಇಟ್ಟುಕೊಳ್ಳುವುದು. ನಂಬಿಕೆಯ ಅಂಗಡಿಯಿಂದ ಸೀಲ್ ಒಡೆಯದ ಒಂದು ಪ್ಯಾಕ್ ತಂದರೆ ಸಾಕು. ಅಕ್ಕಸಾಲಿಗನಿಗೆ ಒರೆಗಲ್ಲು ಹೇಗೋ ನಿಮಗೆ ಅದು ಹಾಗೆ. ಬಣ್ಣ, ದಪ್ಪ, ಅಕ್ಷರ ಎಲ್ಲವನ್ನೂ ಅದರ ಪಕ್ಕದಲ್ಲಿಟ್ಟೇ ನೋಡಬೇಕು. ನೆನಪಿನಿಂದ ಹೋಲಿಸಿದರೆ ಕಣ್ಣು ಮೋಸಹೋಗುತ್ತದೆ. ಇಂಗ್ಲಿಷ್ ಕಾರ್ಡಿಗೆ ಇಂಗ್ಲಿಷ್ ಕಾರ್ಡನ್ನೇ ಹೋಲಿಸಿ, ಏಕೆಂದರೆ ಜಪಾನಿ ಕಾರ್ಡುಗಳ ಹಿಂಬದಿಯ ವಿನ್ಯಾಸವೇ ಬೇರೆ.

ಎರಡನೆಯದಾಗಿ, ನೋಡಿದ ಕೂಡಲೇ ಬಿಡಬೇಕಾದವನ್ನು ಬಿಟ್ಟುಬಿಡಿ. 55 ಚಿನ್ನದ ಬಣ್ಣದ ಕಾರ್ಡುಗಳ ಪೆಟ್ಟಿಗೆ ಕೆಲವು ನೂರು ರೂಪಾಯಿಗೆ ಸಿಗುತ್ತದೆಯಲ್ಲ, ಅದು ಪೂರ್ತಿ ನಕಲಿ. ಕಂಪನಿಯೇ 2021ರಲ್ಲಿ, ಆಟದ 25ನೇ ವರ್ಷಕ್ಕೆ, ಲೋಹದ ಕಾರ್ಡುಗಳನ್ನು ತಂದದ್ದು ನಿಜ; ಆದರೆ ಆ ದುಬಾರಿ ಪೆಟ್ಟಿಗೆಯಲ್ಲಿದ್ದದ್ದು ಪಿಕಾಚು ಮತ್ತು ಚಾರಿಜಾರ್ಡ್, ಎರಡೇ. ಜೀವಿ ಎಷ್ಟು ಪೆಟ್ಟು ತಾಳುತ್ತದೆಂದು ತೋರಿಸುವ ಎಚ್‌ಪಿ ನಾಲ್ಕಂಕಿಯಲ್ಲಿದ್ದರೂ, ಪೋಕೆಮಾನ್ ಎಂಬ ಇಂಗ್ಲಿಷ್ ಹೆಸರಿನ ‘ಇ’ ಅಕ್ಷರದ ತಲೆಯ ಮೇಲೆ ಓರೆ ಗೀಟು ಇಲ್ಲದಿದ್ದರೂ ಮುಂದೆ ನೋಡುವ ಅಗತ್ಯವಿಲ್ಲ.

ಮೂರನೆಯದು, ಮಾರುವವರಿಂದ ಸರಿಯಾದ ಚಿತ್ರ ತರಿಸಿಕೊಳ್ಳುವುದು. ಎಲ್ಲರೂ ಎಡವುವುದು ಇಲ್ಲೇ. ಮಟ್ಟುಗುಳ್ಳ ಬದನೆಯನ್ನು ತೊಟ್ಟಿನ ಮುಳ್ಳು ನೋಡಿ ಕೊಳ್ಳುವ ನಮ್ಮವರು ಇಲ್ಲಿ ಮಾತ್ರ ಸಂಕೋಚಪಡುತ್ತಾರೆ. ಕೇಳಿ, ಧಾರಾಳವಾಗಿ ಕೇಳಿ. ಪ್ಲಾಸ್ಟಿಕ್ ಹೊದಿಕೆಯಿಂದ ಹೊರತೆಗೆದ ಕಾರ್ಡಿನ ಮುಂಬದಿ ಬೇಕು, ಹಗಲು ಬೆಳಕಿನಲ್ಲಿ ತೆಗೆದ ಹಿಂಬದಿ ಬೇಕು, ಕೆಳಗಿನ ಮೂಲೆಯ ಸಂಖ್ಯೆ ಓದುವಷ್ಟು ಹತ್ತಿರದ ಚಿತ್ರ ಬೇಕು. ಪಕ್ಕದಲ್ಲಿ ನಿಮ್ಮ ಹೆಸರು ಮತ್ತು ಆ ದಿನದ ತಾರೀಕು ಬರೆದ ಚೀಟಿ ಇರಲೇಬೇಕು. ಚೀಟಿಯಿಲ್ಲದ ಚಿತ್ರ ಬೇರೆಲ್ಲಿಂದಲೋ ಎತ್ತಿದ್ದಾಗಿರಬಹುದು.

ಬಂದ ಚಿತ್ರಗಳಲ್ಲಿ ಹಿಂಬದಿಯಿಂದ ಶುರುಮಾಡಿ. ನಕಲಿ ಮಾಡುವವರ ಗಮನವೆಲ್ಲ ಮುಂಬದಿಯ ಹೊಳಪಿನ ಮೇಲಿರುತ್ತದೆ; ಬೆನ್ನಿನ ನೀಲಿ ತೆಳುವಾಗಿಯೋ ನೇರಳೆಯಾಗಿಯೋ ಅವರ ಗುಟ್ಟು ಬಿಟ್ಟುಕೊಡುತ್ತದೆ. ನಿಮ್ಮ ಒರೆಗಲ್ಲಿನ ಕಾರ್ಡನ್ನೂ ಹಗಲು ಬೆಳಕಿನಲ್ಲಿ ಚಿತ್ರ ತೆಗೆದು ಜತೆಗಿಟ್ಟು ನೋಡಿ. ನಂತರ ಮೂಲೆಯ ಸಂಖ್ಯೆ. 1999ರ ಮೊದಲ ಇಂಗ್ಲಿಷ್ ಸರಣಿಯ ಚಾರಿಜಾರ್ಡ್ 4/102, ಅಂದರೆ 102 ಕಾರ್ಡುಗಳಲ್ಲಿ ನಾಲ್ಕನೆಯದು. ಅದೇ ಸರಣಿಯದೆಂದು ಮಾರುವ ಕಾರ್ಡಿನಲ್ಲಿ ಆ ಸಂಖ್ಯೆಯಡಿ ಬೇರೆ ಜೀವಿಯ ಚಿತ್ರವಿದ್ದರೆ ಮುಗಿಯಿತು. ಆದರೆ 199/165 ಎಂದು ಕಂಡೊಡನೆ ನಕಲಿ ಎನ್ನಬೇಡಿ, ಸರಣಿಯ ಎಣಿಕೆ ಮೀರಿದ ಅಪರೂಪದ ಕಾರ್ಡುಗಳು ನಿಜಕ್ಕೂ ಇವೆ.

ಚಿತ್ರದಿಂದ ತೀರ್ಮಾನವಾಗದ್ದು ಮೇಲ್ಮೈ. ಅದಕ್ಕೆ ಹತ್ತು ಸೆಕೆಂಡಿನ ವಿಡಿಯೊ ಕೇಳಿ, ದೀಪದ ಕೆಳಗೆ ಕಾರ್ಡನ್ನು ನಿಧಾನವಾಗಿ ಓರೆ ಮಾಡುತ್ತ ತೆಗೆದದ್ದು. ಕಾರ್ಡು ತುಂಬ ಚಿತ್ರವಿರುವ ದುಬಾರಿ ಬಗೆಗಳಲ್ಲಿ ಹೆಬ್ಬೆರಳಿನ ಗೆರೆಗಳಂಥ ನವುರಾದ ಉಬ್ಬುಗೆರೆಗಳು ಚಿತ್ರದ ಬಳುಕನ್ನು ಅನುಸರಿಸಿ ಹರಿಯುತ್ತವೆ. ನಕಲಿ ಗಾಜಿನಂತೆ ನುಣುಪಾಗಿರುತ್ತದೆ, ಇಲ್ಲವೇ ಉದ್ದಕ್ಕೂ ಒಂದೇ ಬಗೆಯ ಗೀರುಗಳಿರುತ್ತವೆ. ಹೊಳೆಯುವ ಕಾರ್ಡಿಗೆಲ್ಲ ಈ ಉಬ್ಬುಗೆರೆ ಇರುವುದಿಲ್ಲ. ಆ ನಿರ್ದಿಷ್ಟ ಕಾರ್ಡಿಗೆ ಇದೆಯೇ ಎಂದು ಮೊದಲೇ ತಿಳಿದುಕೊಳ್ಳಿ. ‘ಇನ್ನೊಬ್ಬರು ಕೇಳುತ್ತಿದ್ದಾರೆ, ಬೇಗ ಹಣ ಹಾಕಿ’ ಎಂದವರೊಡನೆ ಮಾತು ಬೆಳೆಸಬೇಡಿ.

ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಮೊಹರು ಮಾಡಿ, ಕಾರ್ಡಿನ ಸ್ಥಿತಿಗೆ ತಕ್ಕ ಶ್ರೇಣಿ ನಮೂದಿಸಿದ ಕಾರ್ಡುಗಳೂ ಬರುತ್ತವೆ. ಅದರ ಪ್ರಮಾಣಪತ್ರ ಸಂಖ್ಯೆಯನ್ನು ಶ್ರೇಣಿ ಕೊಟ್ಟ ಸಂಸ್ಥೆಯ ಜಾಲತಾಣದಲ್ಲಿ ಹುಡುಕಬಹುದು. ಆದರೆ ಅಸಲಿಯ ಸಂಖ್ಯೆಯನ್ನೇ ನಕಲಿ ಪೆಟ್ಟಿಗೆಗೆ ಅಂಟಿಸುವವರಿದ್ದಾರೆ. ಆದ್ದರಿಂದ ಅಲ್ಲಿ ಚಿತ್ರವಿದ್ದರೆ ಗೀರು, ಮೂಲೆ ಸಮೇತ ಹೋಲಿಸಿ. ಐದು ಸಾವಿರ ದಾಟಿದ ಯಾವ ಕಾರ್ಡನ್ನೂ ನಾನು ಮುಖಾಮುಖಿ ನೋಡದೆ ಕೊಳ್ಳುವುದಿಲ್ಲ, ನೀವೂ ಕೊಳ್ಳಬೇಡಿ.

ಹಣ ಕೊಡುವುದು ಹಿಂತಿರುಗಿಸುವ ಅವಕಾಶವಿರುವ ಕಡೆ ಮಾತ್ರ. ಅಪರಿಚಿತರ ಯುಪಿಐಗೆ ನೇರವಾಗಿ ಬೇಡ.

ಪಾರ್ಸೆಲ್ ಬಂದಾಗ ವಿಳಾಸದ ಚೀಟಿಯಿಂದ ಕಾರ್ಡು ಕೈಗೆ ಬರುವವರೆಗೆ ನಡುವೆ ನಿಲ್ಲಿಸದೆ ವಿಡಿಯೊ ಮಾಡಿ. ಮಳೆಗಾಲದಲ್ಲಿ ಕಾರ್ಡು ಬಿಲ್ಲಿನಂತೆ ಬಾಗಿ ಬಂದರೆ ಗಾಬರಿಯಾಗಬೇಡಿ. ನಮ್ಮ ಕರಾವಳಿಯ ತೇವವನ್ನು ಕಾಗದ ಹೀರುತ್ತದೆ, ಹೊಳಪಿನ ಹಾಳೆ ಹೀರುವುದಿಲ್ಲ, ಅಸಲಿಯೂ ಬಾಗುತ್ತದೆ. ಅಸಲಿಯಾದರೆ ನಡುವೆ ಕಪ್ಪು ಪದರವಿರುತ್ತದೆ, ಹರಿದು ನೋಡಿ ಎನ್ನುವ ವಿಡಿಯೊಗಳನ್ನು ನಂಬಿ ಕಾರ್ಡು ಹಾಳುಮಾಡಬೇಡಿ. ಮೊಬೈಲಿನ ಟಾರ್ಚ್ ಹಿಡಿದು ಬೆಳಕು ತೂರುತ್ತದೆಯೇ ಎಂದು ನೋಡುವುದೂ ಹೊಳೆಯುವ ಕಾರ್ಡಿಗೆ ಸಲ್ಲದು, ಹೊಳಪಿನ ಹಾಳೆ ನಕಲಿಯಲ್ಲೂ ಬೆಳಕು ತಡೆಯುತ್ತದೆ.

ನಾನು ನೆಚ್ಚುವುದು ಅಕ್ಕಸಾಲಿಗರ ಭೂತಗನ್ನಡಿಯನ್ನು. ಅಸಲಿಯಲ್ಲಿ ಚಿತ್ರದ ಬಣ್ಣಗಳು ಒಪ್ಪವಾದ ಸಣ್ಣ ಚುಕ್ಕಿಗಳಾಗಿ ಒಡೆದು ಕಾಣುತ್ತವೆ, ಕಪ್ಪು ಅಕ್ಷರ ಮಾತ್ರ ಒಡೆಯದೆ ಗಟ್ಟಿಯಾಗಿ ನಿಲ್ಲುತ್ತದೆ. ನಕಲಿಗೆ ಇಡೀ ಕಾರ್ಡನ್ನು ಸ್ಕ್ಯಾನ್ ಮಾಡಿ ಮುದ್ರಿಸುವುದರಿಂದ ಅಕ್ಷರವೂ ಬಣ್ಣದ ಚುಕ್ಕಿಗಳ ಗುಂಪಾಗಿಬಿಟ್ಟಿರುತ್ತದೆ. ಬಿಜೈಯ ಕಾರ್ಡಿನಲ್ಲಿ ಹೆಸರಿನ ಅಂಚಿನ ಸುತ್ತ ಗುಲಾಬಿ, ಹಳದಿ ಚುಕ್ಕಿಗಳು ಮುತ್ತಿಕೊಂಡಿದ್ದವು. ಹುಡುಗ ತಾನೇ ಕನ್ನಡಿ ಹಿಡಿದು ನೋಡಿ ಸುಮ್ಮನಾದ.

ನಕಲಿ ಎಂದು ಖಚಿತವಾದರೆ ಅದೇ ದಿನ ಹಿಂತಿರುಗಿಸುವ ಕೋರಿಕೆ ಹಾಕಿ. ಮಾರಾಟ ತಾಣ ಕೈಚೆಲ್ಲಿದರೆ ಗ್ರಾಹಕ ಸಹಾಯವಾಣಿ 1915, ಹಣ ಪಡೆದವರು ನಾಪತ್ತೆಯಾದರೆ ತಡಮಾಡದೆ ಸೈಬರ್ ಸಹಾಯವಾಣಿ 1930. ಹಣ ವಾಪಸಾಗದೆ ಕಾರ್ಡು ನಿಮ್ಮಲ್ಲೇ ಉಳಿದರೆ ಇನ್ನೊಬ್ಬ ಮಗುವಿಗೆ ಮಾರಬೇಡಿ, ವಿನಿಮಯಕ್ಕೂ ಕೊಡಬೇಡಿ. ಹಿಂಬದಿಯಲ್ಲಿ ಅಳಿಸಲಾಗದ ಶಾಯಿಯಿಂದ ‘ನಕಲಿ’ ಎಂದು ಬರೆದು, ಅಸಲಿ ಒರೆಗಲ್ಲಿನ ಪಕ್ಕದಲ್ಲೇ ಇಟ್ಟುಕೊಳ್ಳಿ. ಮುಂದಿನ ಸಲ ಎರಡೂ ಬೇಕಾಗುತ್ತವೆ.