ಘಟ್ಟ ಇಳಿದು ಕಡಲಿಗೆ: ಕಯಾಕ್‌ನಲ್ಲಿ ಒಂದು ದಿನ ಗಾಳ ಹಾಕುವ ಕ್ರಮ

ಮಳೆಯ ಲೆಕ್ಕವನ್ನು ಮೂಡಿಗೆರೆ, ಸಕಲೇಶಪುರದವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಗಾಳಿಯ ಲೆಕ್ಕ ಮಾತ್ರ ನಮ್ಮ ಕಡೆ ಯಾರಿಗೂ ಬೇಕಾಗುವುದಿಲ್ಲ, ಹಾಗಾಗಿ ಗೊತ್ತೂ ಇರುವುದಿಲ್ಲ. ಕಡಲಲ್ಲಿ ಕಯಾಕ್, ಅಂದರೆ ಒಬ್ಬರೇ ಕೂತು ಹುಟ್ಟು ಹಾಕುವ ಸಣ್ಣ ದೋಣಿ, ಇಳಿಸುವವರಿಗೆ ಮೊದಲು ಬೇಕಾದದ್ದು ಅದೇ. ಹೊಳೆಯಲ್ಲಿ, ತೋಟದ ಕೆರೆಯಲ್ಲಿ ಗಾಳ ಹಾಕಿ ಕೈ ಪಳಗಿದವರಿಗೆ ಮೀನು ಹಿಡಿಯುವುದು ದೊಡ್ಡ ವಿಷಯವಲ್ಲ. ವಾಪಸ್ ದಡ ಮುಟ್ಟುವುದು ದೊಡ್ಡ ವಿಷಯ.

ಕರಾವಳಿಯಲ್ಲಿ ನವೆಂಬರಿನಿಂದ ಮಾರ್ಚ್‌ವರೆಗೆ ದಿನಕ್ಕೆ ಎರಡು ಗಾಳಿ. ರಾತ್ರಿ ನೆಲ ತಣ್ಣಗಾಗಿ ಬೆಳಗಿನ ಜಾವ ಘಟ್ಟದ ಕಡೆಯಿಂದ ಕಡಲಿಗೆ ಬೀಸುವುದು ಒಂದು. ನೆಲ ಕಾದ ಮೇಲೆ, ಸಾಮಾನ್ಯವಾಗಿ ಹನ್ನೊಂದರ ಹೊತ್ತಿಗೆ, ಕಡಲಿಂದ ದಡಕ್ಕೆ ಏಳುವುದು ಇನ್ನೊಂದು. ಇವೆರಡರ ನಡುವೆ ಸುಮಾರು ಒಂಬತ್ತರಿಂದ ಹತ್ತೂವರೆವರೆಗೆ ಒಂದು ಬಿಡುವು ಸಿಗುತ್ತದೆ. ನೀವು ವಾಪಸಾಗಬೇಕಾದದ್ದು ಆ ಬಿಡುವಿನಲ್ಲಿ. ಹತ್ತೂವರೆಗೆ ಕಯಾಕ್ ಮರಳ ಮೇಲಿರಬೇಕು ಎಂದು ಮೊದಲು ಬರೆದಿಟ್ಟುಕೊಂಡು, ಉಳಿದ ದಿನವನ್ನು ಅಲ್ಲಿಂದ ಹಿಂದಕ್ಕೆ ಎಣಿಸಿ.

ಬೆಳಗಿನ ಗಾಳಿ ಮೋಸದ್ದು. ದಡದ ಹತ್ತಿರ ಅದು ಅಲೆ ಎಬ್ಬಿಸುವುದಿಲ್ಲ. ನೀರು ಕೆರೆಯ ಹಾಗೆ ಮಲಗಿರುತ್ತದೆ, ಬೆನ್ನಿಗೆ ಗಾಳಿ ಇರುವುದರಿಂದ ಹುಟ್ಟು ಹಾಕಿದ್ದೇ ಗೊತ್ತಾಗದೆ ಎರಡು ಕಿಲೋಮೀಟರ್ ಹೋಗಿಬಿಡುತ್ತೀರಿ. ತಿರುಗಿದಾಗ ಲೆಕ್ಕ ಬದಲಾಗುತ್ತದೆ. ಮಾಮೂಲಿ ಮನುಷ್ಯ ಗಂಟೆಗೆ ನಾಲ್ಕೈದು ಕಿಲೋಮೀಟರ್ ಸಾಗುತ್ತಾನೆ. ಗಂಟೆಗೆ 20 ಕಿಲೋಮೀಟರ್ ಗಾಳಿ ಎದುರಾದರೆ ಅದು ಎರಡಕ್ಕೆ ಇಳಿಯುತ್ತದೆ, ಸುಸ್ತಾದ ತೋಳಿಗೆ ಅದೂ ಇಲ್ಲ. ಡಿಸೆಂಬರ್, ಜನವರಿಯಲ್ಲಿ ಈ ಗಾಳಿ ಜೋರಾಗಿಯೇ ಇರಬಹುದು. ದಡದಲ್ಲಿ ನಿಂತಾಗ ತೆಂಗಿನ ಗರಿ ಕಡಲ ಕಡೆಗೆ ಬಾಗಿ ಸದ್ದು ಮಾಡುತ್ತಿದ್ದರೆ ಅರ್ಧ ಕಿಲೋಮೀಟರಿನ ಆಚೆ ಹೋಗಬೇಡಿ.

ಹೊರಡುವ ಮುಂಚೆ

ಹೊಸಬರು ಮೊದಲು ಕಲಿಯಬೇಕಾದದ್ದು ಬೀಳುವುದು. ಪರಿಚಯದವರ ಕಾಫಿ ತೋಟದ ಕೆರೆ ಇದಕ್ಕೆ ಸಾಕು. ಹೇಮಾವತಿ ಹಿನ್ನೀರಿಗೆ ಇಳಿಯುವುದಾದರೆ ಅನುಮತಿ ಕೇಳಿಕೊಂಡು ಇಳಿಯಿರಿ. ಎದೆಮಟ್ಟಕ್ಕಿಂತ ಆಳದಲ್ಲಿ ಕಯಾಕನ್ನು ಬೇಕೆಂದೇ ಮಗುಚಿ. ಅಡಿಮೇಲಾದ ಕಯಾಕಿನ ಆಚೆ ಬದಿಯ ಹಿಡಿಕೆಯನ್ನು ಹಿಡಿದು, ಮಂಡಿಯನ್ನು ಈಚೆ ಅಂಚಿಗೆ ಒತ್ತಿ, ಹಿಂದಕ್ಕೆ ಜೋತುಬಿದ್ದು ತಿರುಗಿಸಿ. ಆಮೇಲೆ ಕಾಲು ಬಡಿಯುತ್ತಾ ನೀರಿನ ಮೇಲೆ ಅಡ್ಡ ಮಲಗಿ, ಹೊಟ್ಟೆಯನ್ನು ಕಯಾಕಿನ ನಡುಭಾಗಕ್ಕೆ ಎಳೆದುಕೊಳ್ಳಿ. ಹೊಟ್ಟೆ ಮೇಲೆ ಬಂದ ಮೇಲೆ ಮಗ್ಗುಲು ತಿರುಗಿ ಕೂತು, ಕೊನೆಗೆ ಕಾಲು ಒಳಗೆ ತನ್ನಿ. ಎಲ್ಲರೂ ತಪ್ಪುವುದು ಒಂದೇ ಕಡೆ: ಏಣಿ ಹತ್ತುವ ಹಾಗೆ ನೇರ ಮೇಲೇಳಲು ನೋಡುತ್ತಾರೆ, ಕಯಾಕ್ ಮತ್ತೆ ಮೈಮೇಲೆ ಮಗುಚುತ್ತದೆ. ಲೈಫ್ ಜಾಕೆಟ್ ತೊಟ್ಟು, ಒಂದೇ ದಿನ ಸತತ ಐದು ಸಲ ಇದು ಬಂದರೆ ಕಡಲಿಗೆ ಹೋಗಬಹುದು. ಬಾರದಿದ್ದರೆ ಬೇಡ.

ಕಯಾಕ್ ಮೇಲೆ ಕೂರುವ ಮಾದರಿಯದ್ದೇ ಆಗಿರಲಿ, 11ರಿಂದ 13 ಅಡಿ ಉದ್ದ, 30 ಇಂಚಿನ ಆಸುಪಾಸು ಅಗಲ. ಅಲೆ ಮೇಲೆ ಬಿದ್ದರೂ ತಳದ ತೂತುಗಳಿಂದ ನೀರು ತಾನೇ ಇಳಿದುಹೋಗುತ್ತದೆ. ಒಳಗೆ ಹೊಕ್ಕು ಕೂರುವ ಮಾದರಿ ಮಗುಚಿದರೆ ತುಂಬಿಕೊಳ್ಳುತ್ತದೆ, ಕಡಲ ನಡುವೆ ಮೊಗೆಯುತ್ತಾ ಕೂರಲಾಗದು. ಗಾಳಿ ತುಂಬುವ ಅಗ್ಗದ ಕಯಾಕ್ ತೋಟದ ಕೆರೆಗೇ ಇರಲಿ. ಗಾಳದ ಮೊನೆಗೂ ಅದಕ್ಕೂ ಆಗಿಬರುವುದಿಲ್ಲ.

ಹವಾಮಾನವನ್ನು ಎರಡು ದಿನ ಮೊದಲಿಂದ ನೋಡಿ. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಕಡಲ ಸ್ಥಿತಿಯ ಮುನ್ಸೂಚನೆಯನ್ನೂ ಉಬ್ಬಲೆಯ ಎಚ್ಚರಿಕೆಯನ್ನೂ ಕೊಡುತ್ತದೆ, ಹವಾಮಾನ ಇಲಾಖೆ ಮೀನುಗಾರರಿಗೆಂದೇ ಎಚ್ಚರಿಕೆ ಹೊರಡಿಸುತ್ತದೆ. ಗಾಳಿ ಗಂಟೆಗೆ 15 ಕಿಲೋಮೀಟರ್ ದಾಟಿದರೆ, ಅಥವಾ ಅಲೆಯ ಎತ್ತರ ಒಂದು ಮೀಟರ್ ದಾಟಿದರೆ ಹೊಸಬರು ಹೊರಡಬಾರದು. ಎತ್ತರದ ಜೊತೆ ಎರಡು ಅಲೆಗಳ ನಡುವಿನ ಸೆಕೆಂಡುಗಳನ್ನೂ ನೋಡಿ. 0.8 ಮೀಟರ್ ಎಂದಿದ್ದರೂ ಅಂತರ 14 ಸೆಕೆಂಡ್ ಮೇಲಿದ್ದರೆ ಅದು ದೂರದ ಸಾಗರದಿಂದ ಬಂದ ಬಲವಾದ ಅಲೆ. ಹೊರಗೆ ಗೊತ್ತಾಗದು, ದಡದಲ್ಲಿ ಎದ್ದು ಬಡಿಯುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೇ ನಿಷೇಧ. ಮಳೆಗಾಲದಲ್ಲಿ ಕಯಾಕಿನ ಮಾತೇ ಬೇಡ. ಕಡಲು ಚೆನ್ನಾಗಿರುವ ತಿಂಗಳುಗಳೇ ಕಾಫಿ ಕೊಯ್ಲಿನ ತಿಂಗಳುಗಳೂ ಆಗಿರುವುದು ನಮ್ಮವರ ಪಾಡು, ಅದಕ್ಕೆ ಔಷಧಿಯಿಲ್ಲ.

ಘಟ್ಟದ ದಾರಿ

ಹಿಂದಿನ ದಿನ ಮಧ್ಯಾಹ್ನವೇ ಇಳಿದು ಕರಾವಳಿಯಲ್ಲಿ ಮಲಗಿ. ರಾತ್ರಿ ಎರಡಕ್ಕೆ ಎದ್ದು ಚಾರ್ಮಾಡಿಯ ಮಂಜಿನಲ್ಲಿ ತಿರುವು ಎಣಿಸಿ, ನಿದ್ದೆಗೆಟ್ಟ ಕಣ್ಣಲ್ಲಿ ಅಲೆ ಎಣಿಸಲು ಹೋಗುವುದು ಎರಡು ಅಪಾಯವನ್ನು ಒಂದು ಮಾಡಿದ ಹಾಗೆ.

ಕಾರಿನ ಮೇಲೆ ಕಯಾಕನ್ನು ಬೋರಲು ಹಾಕಿ, ಎರಡು ಅಗಲ ಪಟ್ಟಿಯಿಂದ ಬಿಗಿದು, ಮುಂದಿನ ಹಾಗೂ ಹಿಂದಿನ ತುದಿಗಳಿಂದ ಬಂಪರ್ ಕೆಳಗಿನ ಕೊಂಡಿಗೆ ಒಂದೊಂದು ಹಗ್ಗ ಕಟ್ಟಿ. ಪಟ್ಟಿಯನ್ನು ಒಂದೆರಡು ಸುತ್ತು ತಿರುಚಿದರೆ ಗಾಳಿಗೆ ಗುಂಯ್‌ಗುಡುವುದಿಲ್ಲ. ತಿರುವುಗಳಲ್ಲಿ ಭಾರ ಓಲಾಡಿ ಪಟ್ಟಿ ಸಡಿಲವಾಗುತ್ತದೆ. ಚಿಕ್ಕಮಗಳೂರಿನ ಕಡೆಯವರು ಕೊಟ್ಟಿಗೆಹಾರದಲ್ಲಿ ಹೇಗೂ ನೀರುದೋಸೆಗೆ ನಿಲ್ಲುತ್ತೀರಿ, ಅಲ್ಲೊಮ್ಮೆ ಎಳೆದು ನೋಡಿ. ಇಳಿದ ಮೇಲೆ ಉಜಿರೆಯಲ್ಲಿ ಇನ್ನೊಮ್ಮೆ. ಶಿರಾಡಿಯಲ್ಲಿ ಇಳಿಯುವ ಹಾಸನದವರಿಗೆ ದೋಣಿಗಲ್ ಮತ್ತು ಗುಂಡ್ಯ. (ದೋಣಿ ಕಟ್ಟಿಕೊಂಡು ದೋಣಿಗಲ್ ದಾಟುವಾಗ ಯಾರಾದರೂ ಒಬ್ಬರು ಆ ಜೋಕ್ ಹೊಡೆದೇ ಹೊಡೆಯುತ್ತಾರೆ.)

ರಾತ್ರಿ ಊಟ ಹಗುರವಿರಲಿ. ಕಡುಬು, ಹಂದಿ ಸಾರು ಹೊಡೆದು ಬೆಳಗ್ಗೆ ಕಡಲಲ್ಲಿ ತೂಗಾಡಿದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ವಾಂತಿಯ ಸ್ವಭಾವದವರು ವೈದ್ಯರನ್ನು ಕೇಳಿ ಮಾತ್ರೆಯನ್ನು ಮೊದಲೇ ತೆಗೆದುಕೊಳ್ಳಿ, ಹೊಟ್ಟೆ ತೊಳಸಲು ಶುರುವಾದ ಮೇಲೆ ಅದು ಕೆಲಸ ಮಾಡುವುದು ಕಡಿಮೆ.

ಎಲ್ಲಿ, ಹೇಗೆ ಇಳಿಸುವುದು

ಹೊಳೆ ಕಡಲು ಸೇರುವ ಅಳಿವೆಬಾಗಿಲ ಹತ್ತಿರ ಇಳಿಸಬೇಡಿ. ಇಳಿತದ ಹೊತ್ತಿನಲ್ಲಿ ಹೊಳೆನೀರು ಹೊರಗೆ ನುಗ್ಗುತ್ತದೆ, ಎದುರಿಂದ ಅಲೆ ಬರುತ್ತದೆ, ಎರಡೂ ಸೇರಿ ಅಲೆ ಗೋಡೆಯ ಹಾಗೆ ನಿಲ್ಲುತ್ತದೆ. ಮಲ್ಪೆಯಂಥ ಬಂದರಿನ ಬಾಯಲ್ಲಿ ದೊಡ್ಡ ಬೋಟುಗಳ ಓಡಾಟವೂ ಸೇರಿಕೊಳ್ಳುತ್ತದೆ. ಮೂಲ್ಕಿ ಹತ್ತಿರದ ಸಸಿಹಿತ್ಲು ಅಲೆ ಸವಾರಿಗೆ ಹೆಸರಾದ ಜಾಗ, ಅಂದರೆ ಸಾಮಾನು ತುಂಬಿದ ಕಯಾಕಿಗೆ ಒಳ್ಳೆಯದಲ್ಲ ಎಂದೇ ಅರ್ಥ. ಅದರ ಹಿಂದಿನ ಶಾಂಭವಿ ಹೊಳೆಯ ಹಿನ್ನೀರು ಮಾತ್ರ ಉಪ್ಪುನೀರಿನ ಮೊದಲ ಅಭ್ಯಾಸಕ್ಕೆ ಚೆಂದ. ಯಾವ ಕಿನಾರೆಯಾದರೂ ಹಿಂದಿನ ಸಂಜೆ ಅಲ್ಲಿನ ಮೀನುಗಾರರನ್ನು ಕೇಳಿ: ನೀರಡಿಯ ಬಂಡೆ ಎಲ್ಲಿ, ಬಲೆ ಎಲ್ಲಿ ಬಿಟ್ಟಿದ್ದಾರೆ, ಬೆಳಗ್ಗೆ ಕೈರಂಪಣಿ (ದಡದಲ್ಲಿ ನಿಂತು ಎಳೆಯುವ ಉದ್ದ ಬಲೆ) ಎಳೆಯುತ್ತಾರಾ. ಎಳೆಯುವ ಬಲೆಯ ಒಳಗೆ ಕಯಾಕ್ ಹೊಕ್ಕಿಸಿದರೆ ಅವರ ಒಂದು ದಿನದ ದುಡಿಮೆ ಹಾಳು.

ದಡದಲ್ಲಿ ಒಬ್ಬರಿರಬೇಕು, ನೀರಿನಲ್ಲಿ ಕನಿಷ್ಠ ಎರಡು ಕಯಾಕ್. ದಡದವರ ಹತ್ತಿರ ನೀವು ಹೋಗುವ ದಿಕ್ಕು, ವಾಪಸಾಗುವ ಹೊತ್ತು, ಜೊತೆಗೆ ಕರಾವಳಿ ಕಾವಲು ಪೊಲೀಸರ 1093, ಕೋಸ್ಟ್ ಗಾರ್ಡಿನ 1554. ಹನ್ನೊಂದೂವರೆಗೂ ಕಾಣದಿದ್ದರೆ ಫೋನ್ ಮಾಡಬೇಕು, ಇನ್ನು ಸ್ವಲ್ಪ ನೋಡೋಣ ಅನ್ನಬಾರದು.

ಬೆಳಕು ಹರಿದ ಮೇಲೆಯೇ ಇಳಿಯಿರಿ, ಕತ್ತಲಲ್ಲಿ ಬಲೆಯ ತೇಲುಗಳು ಕಾಣುವುದಿಲ್ಲ. ನೀರಿಗೆ ತಳ್ಳುವ ಮೊದಲು ಒಳಗಿನ ನೀರು ಬಸಿಯುವ ತೂತಿನ ಹಿಂಬದಿಯ ಬಿರಡೆ ಹಾಕಿದೆಯೇ ನೋಡಿ. ಇದನ್ನು ಮರೆತು ಅರ್ಧ ಗಂಟೆಯಲ್ಲಿ ಕಯಾಕ್ ಭಾರವಾಗಿ ಓಲಾಡುವುದು ಅತಿ ಸಾಮಾನ್ಯ ತಪ್ಪು. ಗಾಳದ ಕೋಲುಗಳನ್ನು ನಿಲ್ಲಿಸದೆ ಮಲಗಿಸಿ ಕಟ್ಟಿ. ಹುಟ್ಟಿಗೆ ದಾರ ಕಟ್ಟಿ, ಬಿಡಿ ಹುಟ್ಟೊಂದನ್ನು ಇಟ್ಟುಕೊಳ್ಳಿ. ಫೋನ್ ನೀರು ಹೊಗದ ಚೀಲದಲ್ಲಿ ನಿಮ್ಮ ಮೈಮೇಲೆ ಇರಲಿ, ಕಯಾಕಿನ ಮೇಲಲ್ಲ. ಸೀಟಿ ಮತ್ತು ಚಾಕು ಲೈಫ್ ಜಾಕೆಟ್ಟಿಗೆ ಸಿಕ್ಕಿಸಿರಲಿ. ಕುಡಿಯುವ ನೀರು ತಲೆಗೆ ಮೂರು ಲೀಟರ್. ಬೋಟಿನವರಿಗೆ ಕಾಣಲು ನಾಲ್ಕಡಿ ಕೋಲಿನ ತುದಿಗೆ ಕಿತ್ತಳೆ ಬಟ್ಟೆ.

ಹತ್ತು ನಿಮಿಷ ನಿಂತು ಅಲೆ ನೋಡಿ. ದೊಡ್ಡವು ಗುಂಪಾಗಿ ಬರುತ್ತವೆ, ಆಮೇಲೆ ತುಸು ಬಿಡುವು. ಕೊನೆಯ ದೊಡ್ಡದು ಒಡೆದ ಕೂಡಲೇ ಮಂಡಿಯುದ್ದ ನೀರಿಗೆ ತಳ್ಳಿ, ಕೂತು, ಮೂತಿಯನ್ನು ಅಲೆಗೆ ನೇರ ಹಿಡಿದು ನಿಲ್ಲಿಸದೆ ಹುಟ್ಟು ಹಾಕಿ. ಅಲೆ ಎದುರಾದಾಗ ಹೆದರಿ ಕೈ ನಿಲ್ಲಿಸಿದರೆ ಕಯಾಕ್ ಅಡ್ಡವಾಗುತ್ತದೆ, ಅಡ್ಡವಾದದ್ದು ಮಗುಚುತ್ತದೆ. ಮೊಣಕಾಲುದ್ದದ ನೀರಿನಲ್ಲಾದರೂ ಕಯಾಕಿಗೂ ದಡಕ್ಕೂ ನಡುವೆ ಯಾವತ್ತೂ ನಿಲ್ಲಬೇಡಿ. ನೀರು ತುಂಬಿದ ಕಯಾಕನ್ನು ಅಲೆ ತಂದು ಹೊಡೆದರೆ ಮಂಡಿಚಿಪ್ಪು ಉಳಿಯುವುದಿಲ್ಲ.

ಗಾಳದ ಕೆಲಸ

ಏಳಡಿಯ ಮಧ್ಯಮ ಗಡಸಿನ ಕೋಲು, 4000 ಅಳತೆಯ ರೀಲು, 20 ಪೌಂಡಿನ ಹೆಣೆದ ದಾರ, ಮುಂದೆ ಒಂದೂವರೆ ಮೀಟರ್ 30 ಪೌಂಡಿನ ತಂಗೂಸಿ. ಇಷ್ಟರಲ್ಲಿ ಹೆಚ್ಚಿನ ಕೆಲಸ ನಡೆಯುತ್ತದೆ. ಅಂಜಲ್ ಆಸೆಯಿದ್ದರೆ ತುದಿಗೆ ಒಂದು ಗೇಣು ಉಕ್ಕಿನ ತಂತಿ ಬೇಕೇ ಬೇಕು. ಅದರ ಹಲ್ಲಿಗೆ ತಂಗೂಸಿ ಕತ್ತರಿಗೆ ಸಿಕ್ಕ ನೂಲು.

ಅಲೆ ದಾಟಿದ ಮೇಲೆ ಬಂಗಾರ ಬಣ್ಣದ ಅಥವಾ ಬೆಳ್ಳಿ ಬಣ್ಣದ, 9ರಿಂದ 12 ಸೆಂಟಿಮೀಟರಿನ, ಮುಳುಗಿ ಈಜುವ ಕೃತಕ ಮೀನನ್ನು 25-30 ಮೀಟರ್ ಹಿಂದೆ ಬಿಟ್ಟು ಎಳೆದುಕೊಂಡು ಹೋಗಿ. ನಿಮ್ಮ ಸಹಜ ವೇಗವೇ ಸಾಕು. ದಡಕ್ಕೆ ಸಮಾನಾಂತರವಾಗಿ, ಹಾವಿನ ಹಾಗೆ ಡೊಂಕುಡೊಂಕಾಗಿ ಸಾಗಿದರೆ ತಿರುವಿನಲ್ಲಿ ಅದು ನಿಧಾನವಾಗಿ ಮತ್ತೆ ಜಿಗಿಯುತ್ತದೆ, ಮೀನು ಹೊಡೆಯುವುದು ಹೆಚ್ಚಾಗಿ ಆಗಲೇ. ಹಕ್ಕಿಗಳು ಒಂದೇ ಕಡೆ ನೀರಿಗೆ ಬೀಳುತ್ತಿದ್ದರೆ ಅಡಿಯಲ್ಲಿ ಬಂಗುಡೆ ಅಥವಾ ಬೂತಾಯಿ ಹಿಂಡು. ಹಿಂಡಿನ ನಡುವೆ ನುಗ್ಗಿದರೆ ಎಲ್ಲವೂ ಮುಳುಗಿ ಮಾಯ. ಅಂಚಿನಲ್ಲಿ ನಿಂತು 20-30 ಗ್ರಾಮಿನ ಲೋಹದ ಮೀನನ್ನು ಎಸೆಯಿರಿ. ಅಂಗಡಿಯಲ್ಲಿ ಸಿಗುವ ಆರು ಗಾಳದ ಬಂಗುಡೆ ಸರವನ್ನು ಮೂರಕ್ಕೆ ಕತ್ತರಿಸಿಕೊಳ್ಳಿ. ದೋಣಿಯಲ್ಲಿ ಆರು ಸರಿ; ಕಯಾಕಿನಲ್ಲಿ ಒದ್ದಾಡುವ ಮೂರು ಮೀನಿನ ಜೊತೆ ಉಳಿದ ಮೂರು ಗಾಳ ನಿಮ್ಮ ತೊಡೆಗೆ.

ಮರಳು ತಳದಲ್ಲಿ ಕಾಣೆ ಮೀನು ಸಿಗುತ್ತದೆ: 6 ಅಥವಾ 8ನೇ ನಂಬರಿನ ಸಣ್ಣ ಗಾಳ, 30 ಗ್ರಾಮ್ ಸೀಸ, ಸುಲಿದ ಸಿಗಡಿಯ ಬೆರಳುಗುರಿನಷ್ಟು ತುಂಡು. ತಳ ಮುಟ್ಟಿಸಿ ಮೆಲ್ಲಗೆ ಎಳೆಯುತ್ತಿರಬೇಕು. ಬಂಡೆ ಇರುವಲ್ಲಿ ಮುರು, ಕೆಂಬೇರಿ. ಅಲ್ಲಿ 2/0 ನಂಬರಿನ ಗಾಳಕ್ಕೆ ಬೊಂಡಾಸಿನ (ಸ್ಕ್ವಿಡ್) ಪಟ್ಟಿ ಸಿಕ್ಕಿಸಿ, 40 ಪೌಂಡಿನ ತಂಗೂಸಿ ಹಾಕಿ, ಕಚ್ಚಿದ ಮೊದಲ ಎರಡು ಮೀಟರನ್ನು ಯೋಚಿಸದೆ ಎತ್ತಿ. ಹೊಳೆಯ ಮೀನಿಗೆ ಕೊಡುವ ಸಲಿಗೆ ಕೊಟ್ಟರೆ ಅದು ಬಿಲ ಸೇರಿ ದಾರ ಕುಯ್ಯುತ್ತದೆ.

ರೀಲಿನ ಬಿಗಿ, ಅಂದರೆ ಎಷ್ಟು ಎಳೆದರೆ ದಾರ ಬಿಡುತ್ತದೆ ಎಂಬುದು, ಎರಡು ಕಿಲೋ ಮೀರದಿರಲಿ. ತಕ್ಕಡಿಗೆ ಸಿಕ್ಕಿಸಿ ಅಳೆಯಿರಿ, ಕೈ ಅಂದಾಜು ನಂಬಬೇಡಿ. ದೊಡ್ಡ ಮೀನು ಎಳೆದರೆ ಕಯಾಕೇ ಹಿಂದೆ ಹೋಗುತ್ತದೆ, ಅದೇ ಮೀನನ್ನು ದಣಿಸುತ್ತದೆ. ಅಡಿಯಿಂದ ಆಚೆ ಬದಿಗೆ ಓಡಿದರೆ ಕೋಲಿನ ತುದಿಯನ್ನು ನೀರಿಗಿಳಿಸಿ ಮೂತಿಯನ್ನು ಸುತ್ತಿಸಿ ಆಚೆ ತನ್ನಿ. ಮೈ ಬಗ್ಗಿಸಿ ಹಿಂಬಾಲಿಸಿದವರು ನೀರಿಗೆ.

ಲಂಗರು ಒಂದೂವರೆ ಕಿಲೋದ ಮಡಿಸುವಂಥದ್ದು, ಹಗ್ಗ 30 ಮೀಟರ್. ಆಳದ ಮೂರು ಪಟ್ಟು ಬಿಟ್ಟರೆ ಹಿಡಿಯುತ್ತದೆ, ಗಾಳಿಯಿದ್ದರೆ ಐದು. ಕಟ್ಟುವುದು ಮೂತಿಗೆ ಅಥವಾ ಬಾಲಕ್ಕೆ. ಪಕ್ಕಕ್ಕೆ ಕಟ್ಟಿದ ಲಂಗರು ಅಲೆ ಬಂದಾಗ ಕಯಾಕನ್ನು ಹೊರಳಿಸುತ್ತದೆ. ಜಾಗ ಸರಿಯುತ್ತಿದೆಯೇ ಎಂದು ತಿಳಿಯಲು ದಡದ ಎರಡು ಗುರುತು ಒಂದೇ ಗೆರೆಗೆ ಬರುವ ಹಾಗೆ ನೋಡಿಕೊಳ್ಳಿ. ಕಾಪುವಿನಲ್ಲಾದರೆ ದೀಪಸ್ತಂಭ ಮತ್ತು ಹಿಂದಿನ ಯಾವುದಾದರೂ ಮರ. ಅವು ಬೇರ್ಪಟ್ಟರೆ ನೀವು ಹೊರಟಿದ್ದೀರಿ.

ಶೇಡೆ ಮೀನಿನ ಬೆನ್ನಿನಲ್ಲಿ ಒಂದು, ಎರಡು ಪಕ್ಕದಲ್ಲಿ ಒಂದೊಂದು ನಂಜಿನ ಮುಳ್ಳು. ತೊರಕೆ ಮೀನಿನ ಬಾಲದಲ್ಲೂ ಇದೆ. ಒಳಗೆ ತರದೆ ದಾರ ಕತ್ತರಿಸಿ. ಕಡಲ ಹಾವು ಸಿಕ್ಕರೂ ಹಾಗೆಯೇ. ಮುಳ್ಳು ಚುಚ್ಚಿದರೆ ದಡಕ್ಕೆ ಬಂದು, ಚರ್ಮ ಸುಡದಷ್ಟು, ಸುಮಾರು 45 ಡಿಗ್ರಿ ಬಿಸಿನೀರಿನಲ್ಲಿ ಅರ್ಧ ಗಂಟೆಗೂ ಹೆಚ್ಚು ಮುಳುಗಿಸಿಡಿ, ನೋವು ಇಳಿಯುತ್ತದೆ; ಆಮೇಲೆ ಆಸ್ಪತ್ರೆ. ಬಲೂನಿನಂತೆ ಊದಿಕೊಳ್ಳುವ ಮೀನನ್ನು ಯಾರು ಏನೇ ಹೇಳಲಿ ತಿನ್ನಬೇಡಿ.

ಹಿಡಿದದ್ದನ್ನು ಒಂದಡಿಯ ಗಟ್ಟಿ ಕಾಫಿ ಕೊಂಬೆಯಿಂದ ತಲೆಗೊಂದು ಕೊಟ್ಟು, ಕಿವಿರು ಕೊಯ್ದು ರಕ್ತ ಬಸಿದು ಮಂಜುಗಡ್ಡೆಗೆ. ಐದು ಕಿಲೋ ಗಡ್ಡೆಯ ಪುಡಿ ಎರಡು ಪಾಲು, ಕಡಲ ನೀರು ಒಂದು ಪಾಲು. ಬರೀ ಗಡ್ಡೆಗಿಂತ ಈ ಕೆಸರು ಬೇಗ ತಣಿಸುತ್ತದೆ. ಬಂಗುಡೆ ಬಿಸಿಲಿನಲ್ಲಿ ಒಂದು ಗಂಟೆ ಬಿದ್ದಿದ್ದರೂ ಮೈ ತುರಿಸುವ ವಿಷ ಹುಟ್ಟಬಹುದು, ಬೇಯಿಸಿದರೆ ಅದು ಹೋಗುವುದಿಲ್ಲ.

ವಾಪಸ್

ಒಂಬತ್ತೂವರೆಗೆ ದಾರ ಸುತ್ತಿ, ಮೀನು ಕಚ್ಚುತ್ತಿದ್ದರೂ. ಇಲ್ಲಿ ಹಟ ಮಾಡಿದವರೇ ಹೆಚ್ಚು ತೊಂದರೆಗೆ ಸಿಕ್ಕುವುದು. ನೀರಿನ ಮೇಲೆ ಪಶ್ಚಿಮದಿಂದ ಕಪ್ಪು ಸುಕ್ಕಿನ ಗೆರೆ ಹತ್ತಿರವಾಗುತ್ತಿದ್ದರೆ ಕಡಲ ಗಾಳಿ ಅಂದು ಬೇಗ ಎದ್ದಿದೆ ಎಂದು ತಿಳಿಯಿರಿ.

ಅಲೆ ಒಡೆಯುವ ಸಾಲಿನ ಹೊರಗೆ ನಿಂತು ಕೋಲು, ಗಾಳ, ಚೀಲ ಎಲ್ಲ ಮತ್ತೆ ಕಟ್ಟಿ. ದೊಡ್ಡ ಗುಂಪು ಹೋಗಲಿ. ಒಂದು ಅಲೆಯ ಬೆನ್ನ ಹಿಂದೆ ಹತ್ತಿ ಅದರ ಜೊತೆಗೇ ಸಾಗಿ, ಅದರ ಮುಂದಕ್ಕೆ ಹೋಗಬೇಡಿ. ಮುಂದೆ ಹೋದರೆ ಮೂತಿ ಮರಳಿಗೆ ಹೂತು ಕಯಾಕ್ ಲಾಗ ಹಾಕುತ್ತದೆ. ಹಿಂದಿನ ಅಲೆ ಹತ್ತಿರ ಬಂದರೆ ಹಿಮ್ಮುಖ ಹುಟ್ಟು ಹಾಕಿ ಅದನ್ನು ಅಡಿಯಿಂದ ದಾಟಿಸಿ. ಮಂಡಿಯುದ್ದ ನೀರು ಬಂದಾಗ ಕಡಲ ಬದಿಗೆ ಇಳಿದು ಹಿಂದಿನ ಹಿಡಿಕೆ ಹಿಡಿದು ತಳ್ಳಿ.

ಘಟ್ಟ ಹತ್ತುವ ಮೊದಲು ಮೀನಿನ ಪೆಟ್ಟಿಗೆಯ ನೀರು ಬಸಿದು, ಹೊಸ ಗಡ್ಡೆ ತುಂಬಿ. ನಾಲ್ಕೈದು ಗಂಟೆಯ ದಾರಿಯಲ್ಲಿ ತುಳುಕಿದ ಮೀನುನೀರಿನ ವಾಸನೆ ಕಾರಿನಿಂದ ಮುಂದಿನ ಮಳೆಗಾಲದವರೆಗೂ ಹೋಗುವುದಿಲ್ಲ. ಮನೆಗೆ ಬಂದ ರಾತ್ರಿಯೇ ರೀಲು, ಕೋಲಿನ ಬಳೆಗಳು, ಗಾಳ, ಲಂಗರು ಎಲ್ಲವನ್ನೂ ಸಿಹಿನೀರಿನಲ್ಲಿ ಮೆಲ್ಲಗೆ ತೊಳೆದು ನೆರಳಲ್ಲಿ ಒಣಗಿಸಿ. ಪೈಪಿನಿಂದ ಜೋರಾಗಿ ಹೊಡೆದರೆ ಉಪ್ಪು ರೀಲಿನ ಒಳಗೇ ಹೋಗುತ್ತದೆ. ರೀಲಿನ ಬಿಗಿ ಪೂರ್ತಿ ಸಡಿಲಿಸಿಡಿ. ಕಾರಿನ ಮೇಲಿನ ಕಂಬಿಯ ಬೋಲ್ಟುಗಳಿಗೂ ಒಂದು ಚೊಂಬು ನೀರು ಹುಯ್ಯಿರಿ, ಎಲ್ಲರೂ ಮರೆಯುವುದು ಅದನ್ನೇ.